ಸತ್ತವನು ತೆರೆದಿಟ್ಟ ಫೈಲು

ಟೈಪಿಸ್ಟ್ ಅಸ್ಮತ್ ಕೀಲಿಮಣೆಯಿಂದ ಕೈ ಹಿಂದಕ್ಕೆ ಎಳೆದುಕೊಂಡಳು. ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದೇ ಹಸಿರು ಸಾಲು— ಈ ಫೈಲನ್ನು ಹಂಪಯ್ಯ ತೆರೆದಿದ್ದಾರೆ.

ಹಂಪಯ್ಯ ಸತ್ತು ಒಂಬತ್ತು ದಿನವಾಗಿತ್ತು.

ಅದು 1989ರ ಬೇಸಿಗೆ. ರಾಯಚೂರಿನ ಆ ವಸತಿ ಸಂಘದ ಕಚೇರಿಯಲ್ಲಿ ಮೂರು ಕಂಪ್ಯೂಟರುಗಳನ್ನು ತಂತಿಯಿಂದ ಒಂದು ದೊಡ್ಡ ಯಂತ್ರಕ್ಕೆ ಜೋಡಿಸಿದ್ದರು. ಒಬ್ಬರು ತೆರೆದ ಫೈಲನ್ನು ಅವರು ಮುಚ್ಚುವ ತನಕ ಇನ್ನೊಬ್ಬರು ತಿದ್ದುವಂತಿರಲಿಲ್ಲ. ಈ ಫೈಲಿನಲ್ಲಿದ್ದದ್ದು ಅರಕೇರಾದಲ್ಲಿ ಮನೆ ಜಾಗ ಸಿಗಬೇಕಾದ ಕೂಲಿ ಕುಟುಂಬಗಳ ಪಟ್ಟಿ. ಅದರಲ್ಲಿ ಹನ್ನೆರಡು ಹೆಸರು ಆ ಊರಿನವರದೇ ಅಲ್ಲವೆಂದು ಗುಮಾಸ್ತ ಹಂಪಯ್ಯ ಊರಿಗೇ ಹೋಗಿ ಪತ್ತೆ ಮಾಡಿದ್ದ. ಮರಳುವಾಗ ಸಿರವಾರದ ಬಳಿ ಬಸ್ಸು ಉರುಳಿತು. ಅವನ ಚೀಲದಲ್ಲಿ ಸಿಕ್ಕ ನಿಜವಾದ ಹೆಸರುಗಳ ಹಾಳೆಯನ್ನು ಹೆಂಡತಿ ವೆಂಕಮ್ಮನೇ ತಂದು ಅಸ್ಮತ್ ಕೈಗೆ ಕೊಟ್ಟಿದ್ದಳು.

ಸೋಮವಾರ ದೇವದುರ್ಗದಲ್ಲಿ ಪಟ್ಟಿಯನ್ನು ಎಲ್ಲರೆದುರು ಓದಿ ಜಾಗ ಹಂಚುವುದಿತ್ತು. ಇವತ್ತು ಶನಿವಾರ. ಮೂರು ದಿನದಿಂದ ಫೈಲು ತಿದ್ದಲು ಬಿಡುತ್ತಿಲ್ಲ.

ಸುದ್ದಿ ಕೇಳಿದ ವೆಂಕಮ್ಮ ನೆಟ್ಟಗೆ ಪೊಲೀಸ್ ಠಾಣೆಗೆ ಹೋದಳು. "ನನ್ನ ಗಂಡನ ಹೆಸರ್ಲೆ ಯಾರೋ ಕೆಲಸ ಮಾಡಾಕತ್ತಾರ್ರಿ" ಎಂದಳು. ಸಬ್ ಇನ್‌ಸ್ಪೆಕ್ಟರ್ ವಿರೂಪಣ್ಣ ನಗಲಿಲ್ಲ. ಅವಳೊಂದಿಗೆ ಹೊರಟು ಬಂದ.

ಹಂಪಯ್ಯನ ಕಂಪ್ಯೂಟರಿಗೆ ಬಟ್ಟೆ ಹೊದಿಸಿದ್ದರು. ತಂತಿ ಕಿತ್ತು ನೆಲದ ಮೇಲೆ ಬಿದ್ದಿತ್ತು.

"ಇದನ್ನ ಯಾರು ಮುಟ್ಟೀರಿ?" ಎಂದ ವಿರೂಪಣ್ಣ.

"ಯಾರೂ ಇಲ್ರಿ ಯಪ್ಪಾ" ಎಂದ ಜವಾನ ಅಯ್ಯಣ್ಣ, ದೂರದಿಂದಲೇ. "ನಾ ಅದರ ಮಗ್ಗಲಿಗೂ ಹೋಗೂದಿಲ್ಲ."

ಕಾರ್ಯದರ್ಶಿ ಶಂಭುಲಿಂಗಪ್ಪ ನಕ್ಕ. "ದೆವ್ವದ ಮ್ಯಾಲೂ ಕೇಸ್ ಹಾಕ್ತೀರೇನ್ರಿ ಸಾಹೇಬ್ರ? ಹಳೇ ಪಟ್ಟೀನ ಓದಿದ್ರ ಆತು."

ಅಷ್ಟರಲ್ಲಿ ಕರೆಂಟು ಹೋಯಿತು. ಎಲ್ಲ ಯಂತ್ರಗಳೂ ಸತ್ತವು.

ಮುಕ್ಕಾಲು ಗಂಟೆಯ ಮೇಲೆ ಕರೆಂಟು ಬಂತು. ಶಂಭುಲಿಂಗಪ್ಪ ಫೋನ್ ಮಾಡಬೇಕೆಂದು ತನ್ನ ಕೋಣೆಗೆ ಹೋದ. ಅಸ್ಮತ್ ಕೂತಲ್ಲೇ ಕಾದಳು. ಕಂಪ್ಯೂಟರು ಎಚ್ಚರವಾಯಿತು. ಫೈಲಿನ ಹೆಸರು ಒತ್ತಿದಳು.

ಈ ಫೈಲನ್ನು ಹಂಪಯ್ಯ ತೆರೆದಿದ್ದಾರೆ.

"ಯವ್ವಾ!" ಅಯ್ಯಣ್ಣ ಬಾಗಿಲಿಗೆ ಓಡಿದ. ವೆಂಕಮ್ಮ ಮಾತ್ರ ಪರದೆಯ ಹತ್ತಿರ ಬಂದು ನಿಂತಳು.

ವಿರೂಪಣ್ಣ ಕಾರ್ಯದರ್ಶಿಯ ಕೋಣೆಗೆ ಹೋದ. ಕಿಟಕಿ ಮುಚ್ಚಿತ್ತು. ಫ್ಯಾನು ತಿರುಗುತ್ತಿರಲಿಲ್ಲ.

"ಫ್ಯಾನ್ ಸುಟ್ಟು ವಾರ ಆತ್ರಿ" ಎಂದು ಶಂಭುಲಿಂಗಪ್ಪ ಬೆವರು ಒರೆಸಿಕೊಂಡ.

"ನಿಮ್ಮ ಕಂಪ್ಯೂಟರ್?"

"ಬಂದ್ ಅದ. ನೋಡ್ರಿ, ಪರದಿ ಕತ್ತಲ."

ವಿರೂಪಣ್ಣ ಕಂಪ್ಯೂಟರಿನ ಹಿಂದಿನ ಗೋಡೆಯನ್ನೇ ನೋಡಿದ. ಆಮೇಲೆ ಎಲ್ಲರನ್ನೂ ಒಳಗೆ ಕರೆದ.

"ಕರೆಂಟ್ ಹೋದಾಗ ಫೈಲು ಎಲ್ಲರ ಕೈಯಿಂದ ಬಿಟ್ಟಿತ್ತು, ಹೌದಲ್ಲವ್ವಾ ಅಸ್ಮತ್?"

"ಹೌದ್ರಿ ಸಾಹೇಬ್ರ."

"ಅಂದ್ರ ಬಂದ ಮ್ಯಾಲೆ ಯಾರೋ ಹೊಸದಾಗಿ ತೆಗದಾರ. ಕರೆಂಟ್ ಬರೂತನ ಕಾಯೂದು ಎಂಥಾ ದೆವ್ವ? ನೀವೆಲ್ಲಾ ಹಂಪಯ್ಯನ ಮಷಿನ್ನೇ ನೋಡಾಕತ್ತಿದ್ರಿ. ಇಲ್ಲಿ ನೋಡ್ರಿ— ಗಾಳಿ ಇಲ್ಲ, ಫ್ಯಾನ್ ಇಲ್ಲ. ಮತ್ತ ಈ ಕಂಪ್ಯೂಟರಿನ ಹಿಂದಿನ ಕ್ಯಾಲೆಂಡರ್ ಹಾಳಿ ಯಾಕ ಅಲುಗಾಡತದ?"

ಯಂತ್ರದೊಳಗಿನ ಪುಟ್ಟ ಫ್ಯಾನು ತಿರುಗುತ್ತ ಹಿಂಬದಿಯಿಂದ ಬಿಸಿಗಾಳಿ ಬರುತ್ತಿತ್ತು. ಯಾರೋ ಪೂರ್ತಿ ತಗ್ಗಿಸಿಟ್ಟಿದ್ದ ಪರದೆಯ ಬೆಳಕಿನ ಗುಂಡಿಯನ್ನು ವಿರೂಪಣ್ಣ ತಿರುಗಿಸಿದ. ಕತ್ತಲೆಯೊಳಗಿಂದ ಪಟ್ಟಿ ಮೆಲ್ಲಗೆ ಮೇಲೆದ್ದು ಬಂತು. ಮೂಲೆಯಲ್ಲಿ ಹಂಪಯ್ಯನ ಹೆಸರು. ಅಸ್ಮತ್ ಕೊಟ್ಟ ಹಂಪಯ್ಯನ ಹಾಳೆಯನ್ನು ವಿರೂಪಣ್ಣ ಪರದೆಯ ಪಕ್ಕ ಹಿಡಿದು ಹೋಲಿಸಿದ.

"ಎಲ್ಲಾರ ಪಾಸ್‌ವರ್ಡ್ ಎಲ್ಲಿರ್ತಾವ?"

"ಕಾರ್ಯದರ್ಶಿ ಅವರ ಕಪಾಟಿನ್ಯಾಗ್ರಿ" ಎಂದಳು ಅಸ್ಮತ್.

"ನಾ ಮಾನ್ವಿ ಠಾಣ್ಯಾಗ ನಾಕು ವರ್ಷ ಇದ್ದೆ, ಶಂಭುಲಿಂಗಪ್ಪನವರ. ಈ ಹನ್ನೆರಡು ಮಂದೀನೂ ಗುರ್ತು. ಎಲ್ಲಾ ಮಾನ್ವಿಯ ನಿಮ್ಮ ಬೀಗರ ಕಡಿಯವ್ರು. ಸೋಮವಾರ ಕಳಿಯೂತನ ಫೈಲು ಹಿಡಕೊಂಡು ಕುಂತವ್ರು ನೀವ. ಸತ್ತಾಂವ ಬಂದು ಸಾಕ್ಷಿ ಹೇಳೂದಿಲ್ಲ ಅಂತ ಅವನ ಹೆಸರ ಬೇಕಾತು."

ಶಂಭುಲಿಂಗಪ್ಪ ಕಪಾಟಿನ ಕೀಲಿಕೈ ತೆಗೆದು ಮೇಜಿನ ಮೇಲಿಟ್ಟ.

ಅಸ್ಮತ್ ಫೈಲು ಮುಚ್ಚಲು ಕೈ ಚಾಚಿದಳು. ವೆಂಕಮ್ಮ ತಡೆದಳು. "ಯಾವುದು ಒತ್ತಬೇಕವ್ವಾ? ನಾ ಒತ್ತತೀನಿ."

ಅಸ್ಮತ್ ತೋರಿಸಿದಳು. ವೆಂಕಮ್ಮ ಗಂಡನ ಹೆಸರನ್ನು ಒಮ್ಮೆ ಬೆರಳಿನಿಂದ ಸವರಿ, ಕೀಲಿ ಒತ್ತಿದಳು. ಪರದೆ ಬರಿದಾಯಿತು.

"ಸಾಕು" ಎಂದಳು. "ಇನ್ನ ಅವರಿಗೆ ರಜಾ ಕೊಡ್ರಿ."