ಬಣ್ಣ ಒಣಗುವವರೆಗೆ

ಭಾನುವಾರ ಬೆಳಿಗ್ಗೆ ಏಳೂ ಇಪ್ಪತ್ತಕ್ಕೆ ಕನ್ನಡಕದ ಅಂಗಡಿ ಮಾಲೀಕರು ಠಾಣೆಯ ಮೆಟ್ಟಿಲು ಹತ್ತಿ ಬಂದಾಗ, ಅವರ ಮನೆಯಲ್ಲಿ ಸಾವಾಗಿದೆ ಅಂದುಕೊಂಡು ದಫೇದಾರರು ಕುರ್ಚಿ ಬಿಟ್ಟು ಎದ್ದರು. ಮನುಷ್ಯನ ಮುಖ ಹಾಗಿತ್ತು.

"ಯಾರು ಸಾರ್?" ಎಂದರು ಮೆಲ್ಲಗೆ.

"ಕಾರು," ಎಂದರು ಮಾಲೀಕರು.

ದಫೇದಾರರು ಮತ್ತೆ ಕೂತರು.

ದೂರು ಇಷ್ಟು. ಐವತ್ತೆಂಟು ವರ್ಷ ಹಳೆಯ ಕಾರು. ಗುಜರಿಯಿಂದ ಎಳೆದು ತಂದು, ಹದಿನೆಂಟು ವರ್ಷದ ಭಾನುವಾರಗಳನ್ನೆಲ್ಲ ಅದಕ್ಕೇ ಸುರಿದು, ಗಂಡ, ಹೆಂಡತಿ, ಮಗಳು ಮೂವರೂ ಸೇರಿ ಎಬ್ಬಿಸಿ ನಿಲ್ಲಿಸಿದ್ದು. ಎಂಜಿನ್ ಬದಲಾಗಿತ್ತು, ಸೀಟು ಬದಲಾಗಿತ್ತು, ಡ್ಯಾಶ್‌ಬೋರ್ಡಿಗೆ ತೇಗದ ಹಲಗೆ ಬಂದಿತ್ತು. ಕೊನೆಯದಾಗಿ ಒಂದು ತಿಂಗಳ ಹಿಂದೆ ಏಳು ಕೋಟು ಕಡುಗೆಂಪು ಬಣ್ಣ. ಇವತ್ತು ಹತ್ತು ಗಂಟೆಗೆ ಹಳೇ ಕಾರುಗಳ ಪ್ರದರ್ಶನ. 'ಕುಟುಂಬದ ಕಾರು' ವಿಭಾಗದ ಬಹುಮಾನ ಇವರಿಗೇ ಎಂದು ಕ್ಲಬ್ಬಿನಲ್ಲೆಲ್ಲ ಮಾತು. ಬೆಳಿಗ್ಗೆ ಷೆಡ್ಡಿನ ಬಾಗಿಲು ತೆಗೆದರೆ, ಯಾರೋ ಕಾರಿನ ಮೈಮೇಲೆಲ್ಲ ಪೇಂಟ್ ರಿಮೂವರ್ ಸುರಿದಿದ್ದರು.

"ಯಾರ ಮೇಲಾದರೂ ಅನುಮಾನ?" ಇನ್ಸ್‌ಪೆಕ್ಟರ್ ಕೇಳಿದರು.

"ಪೇಂಟರ್ ಮೇಲೆ. ಬಾಗಿಲ ಬಣ್ಣದಲ್ಲಿ ಅಲೆ ಕಾಣುತ್ತೆ ಅಂತ ಕ್ಲಬ್ಬಿನವರ ಎದುರಿಗೇ ಬೈದಿದ್ದೆ. ಎರಡು ಸಲ ಕೆರೆಸಿ ಮತ್ತೆ ಹೊಡೆಸಿದ್ದೆ."

"ನಿನ್ನೆ ಮನೇಲಿ ಯಾರಿದ್ದರು?"

"ಮಧ್ಯಾಹ್ನದಿಂದ ನಾನೂ ಮಗಳೂ ಪ್ರದರ್ಶನದ ಮೈದಾನದಲ್ಲಿದ್ವಿ. ಬರುವಾಗ ರಾತ್ರಿ ಆಗಿತ್ತು, ಷೆಡ್ ಕಡೆ ಹೋಗಲಿಲ್ಲ. ನಮ್ಮತ್ತೆಗೆ ಲಕ್ವ ಹೊಡೆದಿದೆ, ಹೆಂಡತಿ ನಾಲ್ಕು ಗಂಟೆಗೆ ಅವರನ್ನ ಫಿಸಿಯೋಥೆರಪಿಗೆ ಕರಕೊಂಡು ಹೋಗಿದ್ದಳು. ಆಗಲೇ ನುಗ್ಗಿರಬೇಕು."

ಎಫ್‌ಐಆರ್ ದಾಖಲಾಯಿತು. ಒಂಬತ್ತು ಗಂಟೆಗೆ ಇನ್ಸ್‌ಪೆಕ್ಟರ್, ದಫೇದಾರ್ ಮತ್ತು ಮಹಿಳಾ ಕಾನ್‌ಸ್ಟೇಬಲ್ ಸ್ಥಳಕ್ಕೆ ಹೋದರು. ಅಕ್ಕಪಕ್ಕದ ಮನೆಯ ಇಬ್ಬರನ್ನು ಪಂಚರನ್ನಾಗಿ ಕರೆದು ಪಂಚನಾಮೆ ಶುರುವಾಯಿತು.

ಷೆಡ್ಡು ಮನೆಯ ಹಿಂದೆ. ಬೀಗ ಒಡೆದಿರಲಿಲ್ಲ. ಒಂದು ಕೀ ಮಾಲೀಕರ ಜೇಬಿನಲ್ಲಿ, ಇನ್ನೊಂದು ಅಡುಗೆಮನೆಯ ಮೊಳೆಯಲ್ಲಿ. ಕಾರಿನ ಬಣ್ಣ ಕಾದ ಹಾಲಿನ ಕೆನೆಯಂತೆ ಸುಕ್ಕುಗಟ್ಟಿ, ಕೆಲವು ಕಡೆ ಚಕ್ಕೆ ಚಕ್ಕೆಯಾಗಿ ನೆಲಕ್ಕೆ ಬಿದ್ದಿತ್ತು. ಕೆಳಗಿನ ಬೂದು ತಗಡು ಬೆತ್ತಲೆ ನಿಂತಿತ್ತು.

ಇನ್ಸ್‌ಪೆಕ್ಟರ್ ಕಾರನ್ನು ಎರಡು ಸುತ್ತು ಹಾಕಿದರು. ಗಾಜು ಒಡೆದಿರಲಿಲ್ಲ. ಟಯರು ಕುಯ್ದಿರಲಿಲ್ಲ. ಸೀಟಿನ ಮೇಲೊಂದು ಹನಿ ಬಿದ್ದಿರಲಿಲ್ಲ. ದೀಪ, ಬಂಪರು, ಬಾಗಿಲ ಹಿಡಿಕೆಗಳನ್ನು ಮಾತ್ರ ಬಿಚ್ಚಿ, ಒಂದೊಂದನ್ನೂ ಹಳೇ ಬಟ್ಟೆಯಲ್ಲಿ ಸುತ್ತಿ ಷೆಲ್ಫಿನ ಮೇಲೆ ಸಾಲಾಗಿ ಮಲಗಿಸಿದ್ದರು.

"ಕಳ್ಳ ಬಲು ಸಂಭಾವಿತ," ಎಂದರು ದಫೇದಾರರು. "ಹಾಲು ಕುಡಿದು ಲೋಟ ತೊಳೆದಿಟ್ಟ ಬೆಕ್ಕಿನ ಹಾಗೆ."

"ಎಲ್ಲಾ ಇದೆಯಾ ನೋಡಿ."

ಮಾಲೀಕರು ಮೇಲಿಂದ ಮೇಲೆ ಮುಟ್ಟಿ ನೋಡಿದರು. "ಕಾರಿನ ಮುಂಭಾಗದ ಲಾಂಛನ ಒಂದು ಕಾಣ್ತಿಲ್ಲ ಸಾರ್. ಅದು ಈಗೆಲ್ಲೂ ಸಿಗಲ್ಲ. ಅದೊಂದು ಹುಡುಕಿಸಿಕೊಡಿ."

ಇನ್ಸ್‌ಪೆಕ್ಟರ್ ಬಂಪರ್ ಇದ್ದ ಜಾಗಕ್ಕೆ ಬಗ್ಗಿದರು. ಬಿಚ್ಚಿದ ಬೋಲ್ಟುಗಳೆಲ್ಲ ಅವವೇ ತೂತುಗಳಲ್ಲಿ ಎರಡೆರಡು ಸುತ್ತು ಹಾಕಿಸಿಕೊಂಡು ಕೂತಿದ್ದವು.

"ಇದೇನಿದು?"

ಅಷ್ಟು ದುಃಖದಲ್ಲೂ ಮಾಲೀಕರ ಎದೆ ಸ್ವಲ್ಪ ಉಬ್ಬಿತು. "ಅದು ನಮ್ಮನೆ ಶಿಸ್ತು ಸಾರ್. ಬಿಚ್ಚಿದ ಬೋಲ್ಟ್ ಕೈಯಲ್ಲಿ ಇರಬಾರದು, ಅದರ ತೂತಿಗೇ ವಾಪಸ್ ಹೋಗಬೇಕು. ಒಂದು ಸಲ ನನ್ನ ಹೆಂಡತಿ ಒಂದು ಕಳೆದುಹಾಕಿದ್ದಕ್ಕೆ ಒಂದು ವಾರ ಮಾತು ಬಿಟ್ಟಿದ್ದೆ." ನಕ್ಕರು. ತಾವೇನು ಹೇಳಿದೆವೆಂದು ಅವರಿಗೆ ಹೊಳೆಯಲಿಲ್ಲ.

ನೀರು ಕುಡಿಯಲು ಒಳಗೆ ಹೋದಾಗ ಪಕ್ಕದ ಕೋಣೆ ಕಂಡಿತು. ಮಂಚದ ಮೇಲೆ ದಿಂಬಿಗೆ ಒರಗಿಸಿದ ಮುದುಕಿ, ಬಾಯಿ ಒಂದು ಕಡೆಗೆ ಜಾರಿತ್ತು. ಮಾಲೀಕರ ಹೆಂಡತಿ ಅಮ್ಮನಿಗೆ ಗಂಜಿ ಕುಡಿಸುತ್ತಿದ್ದರು. ಎಡಗೈಯಲ್ಲಿ ಚಮಚ. ಬಲಗೈಗೆ ಬಟ್ಟೆ ಸುತ್ತಿತ್ತು.

"ಕೈಗೇನಾಯ್ತಮ್ಮ?"

"ಪಾತ್ರೆ ಸುಟ್ಟಿತು," ಎಂದು ಆಕೆ ಅಮ್ಮನ ಗಲ್ಲ ಒರೆಸಿದರು.

ಹನ್ನೊಂದೂವರೆಗೆ ಪೇಂಟರನ್ನು ಠಾಣೆಗೆ ಕರೆಸಿದರು. ಸುದ್ದಿ ಕೇಳಿ ಆತ ಬೆಂಚಿನ ಮೇಲೆ ಕುಸಿದ.

"ಏಳು ಕೋಟು ಸಾರ್. ಹೆತ್ತ ಮಗೂನ ಯಾರಾದ್ರೂ ಬಾವಿಗೆ ಹಾಕ್ತಾರಾ?"

"ಬೈದಿದ್ದರಂತಲ್ಲ?"

"ಬೈಯೋ ಗಿರಾಕೀನೇ ಒಳ್ಳೇ ಗಿರಾಕಿ. ಹೊಗಳೋನು ಮತ್ತೆ ಬರಲ್ಲ."

"ನಿನ್ನೆ ಸಂಜೆ ಎಲ್ಲಿದ್ದೆ?"

"ವರ್ಕ್‌ಶಾಪಲ್ಲಿ, ಬಸ್ಸೊಂದಕ್ಕೆ ಬಣ್ಣ ಹೊಡೀತಿದ್ದೆ. ಡ್ರೈವರ್ರೂ ಕ್ಲೀನರ್ರೂ ಅಲ್ಲೇ ಇದ್ರು, ಕೇಳಿ ನೋಡಿ."

"ನೀನು ಸಾಮಾನು ಬಿಚ್ಚಿದರೆ ಬೋಲ್ಟ್ ಎಲ್ಲಿಡ್ತೀಯ?"

"ಎಲ್ಲಾ ಒಂದೇ ಡಬ್ಬಕ್ಕೆ. ತೂತಿಗೆ ವಾಪಸ್ ಹಾಕ್ಕೊಂಡು ಕೂತ್ರೆ ನಮ್ಮ ಹೊಟ್ಟೆ ತುಂಬುತ್ತಾ?" ಸ್ವಲ್ಪ ತಡೆದು ಅವನೇ ಮುಂದುವರಿಸಿದ. "ಅವರ ಶಿಸ್ತು ಮೆಚ್ಚಬೇಕು ಸಾರ್. ಹತ್ತು ದಿನ ಗಾಡಿ ಹೊರಗೆ ತೆಗೀಬೇಡಿ, ದೂಳು ಹಿಡಿಯುತ್ತೆ ಅಂದಿದ್ದೆ. ಒಂಬತ್ತನೇ ದಿನ ಅವರತ್ತೆ ಲಕ್ವ ಹೊಡೆದು ಬಿದ್ರಲ್ಲ, ಆವತ್ತೂ ತೆಗೀಲಿಲ್ಲ."

ದಫೇದಾರರ ಬಾಯಲ್ಲಿದ್ದ ಚಹಾ ಅಲ್ಲೇ ನಿಂತಿತು.

ಬಸ್ಸಿನ ಡ್ರೈವರನ್ನು ವಿಚಾರಿಸಿದರು. ಪೇಂಟರ್ ಹೇಳಿದ್ದು ನಿಜ. ಮಹಿಳಾ ಕಾನ್‌ಸ್ಟೇಬಲ್ ಫಿಸಿಯೋಥೆರಪಿಯವರನ್ನು ಕಂಡು ಬಂದಳು. ಶನಿವಾರ ಮುದುಕಿ, ಮಾಲೀಕರ ಹೆಂಡತಿ ಇಬ್ಬರೂ ಬಂದಿರಲಿಲ್ಲ. ಈ ಸಲ ಬೇಡ ಅಂತ ಬೆಳಿಗ್ಗೆಯೇ ಫೋನ್ ಬಂದಿತ್ತು.

"ಬೀಗ ಅವರದು, ಕೀ ಅವರದು, ಬೋಲ್ಟೂ ಅವರದು," ಎಂದರು ಇನ್ಸ್‌ಪೆಕ್ಟರ್. "ಕಾರಿನ ಮೇಲೆ ದ್ವೇಷ ಇದ್ದಿದ್ದರೆ ಗಾಜು ಒಡೀತಿದ್ದರು. ಇದು ಬಣ್ಣದ ಮೇಲಿನ ಸಿಟ್ಟು ಕಣ್ರೀ."

ಮಧ್ಯಾಹ್ನ ಮೂರಕ್ಕೆ ಮತ್ತೆ ಅದೇ ಕೋಣೆ. ಗಂಡನನ್ನೂ ಮಗಳನ್ನೂ ಹೊರಗೆ ಕೂರಿಸಿದ್ದರು.

"ಕೈಯ ಬಟ್ಟೆ ಬಿಚ್ಚಿ ಅಮ್ಮ."

ಆಕೆ ಬಿಚ್ಚಿದರು. ಅಂಗೈಯಿಂದ ಮಣಿಕಟ್ಟಿನವರೆಗೆ ಬೊಬ್ಬೆ. ಪಾತ್ರೆ ಹೀಗೆ ಹನಿಹನಿಯಾಗಿ ಸುಡುವುದಿಲ್ಲ.

"ರಿಮೂವರ್ ಡಬ್ಬ ಎಲ್ಲಿ?"

"ಈ ಮಂಚದ ಕೆಳಗೆ. ಬ್ರಷ್ಷೂ ಅಲ್ಲೇ ಇದೆ."

"ದೀಪ, ಬಂಪರ್ ಯಾಕೆ ಬಿಚ್ಚಿಟ್ಟಿರಿ?"

"ದೀಪ ನನ್ನ ಮಗಳು ರಿಪೇರಿ ಮಾಡಿದ್ದು. ಅದೇನು ತಪ್ಪು ಮಾಡಿತ್ತು?"

"ಬೋಲ್ಟು?"

ಆಕೆ ಒಂದು ಕ್ಷಣ ಯೋಚಿಸಿದರು. "ಅದು ಗೊತ್ತೇ ಆಗಲಿಲ್ಲ. ಕೈ ತಾನೇ ಹಾಕಿತು."

ಆಮೇಲೆ ಕೇಳದಿದ್ದರೂ ಹೇಳಿದರು. ಸ್ವರ ಏರಲಿಲ್ಲ.

"ಅಮ್ಮ ಬಿದ್ದಾಗ ಮನೇಲಿ ನಾನೂ ನಮ್ಮನೆಯವರೂ ಇಬ್ಬರೇ. ಕಾರಿನಲ್ಲಿ ಹೋಗೋಣ ಅಂದೆ. ಬಣ್ಣ ಒಣಗಿಲ್ಲ, ಆಂಬುಲೆನ್ಸ್ ಬರುತ್ತೆ ಇರು ಅಂದರು. ಮತ್ತೆ ಅಂದೆ. ಹೊರಗೆ ದೂಳಿದೆ ಅಂದರು. ಮೂರನೇ ಸಲ ಕಾಲು ಹಿಡಿದೆ. ಆಂಬುಲೆನ್ಸ್ ಬರೋಕೆ ಮುಕ್ಕಾಲು ಗಂಟೆ. ಸ್ವಲ್ಪ ಮುಂಚೆ ತರಬಾರದಿತ್ತಾ ಅಂದರು ಡಾಕ್ಟರ್. ಹದಿನೆಂಟು ವರ್ಷ ಅವರಿಗೆ ಟಾರ್ಚ್ ಹಿಡಿದೆ ಸಾರ್. ಸ್ಟೀರಿಂಗ್ ಹಿಡಿಯೋದು ಕಲಿಸಲಿಲ್ಲ. ಕಲಿಸಿದ್ದಿದ್ರೆ ಕೇಳ್ತಾನೇ ಇರಲಿಲ್ಲ."

"ಅದಾಗಿ ಮೂರು ವಾರ ಆಯ್ತಲ್ಲಮ್ಮ. ನಿನ್ನೆ ಯಾಕೆ?"

"ಶುಕ್ರವಾರ ರಾತ್ರಿ ಊಟ ಮಾಡ್ತಾ ಹೇಳಿದರು. ಪ್ರದರ್ಶನಕ್ಕೆ ಅಮ್ಮನ್ನೂ ಕರಕೊಂಡು ಹೋಗೋಣ, ಹಿಂದಿನ ಸೀಟಲ್ಲಿ ಕೂರಿಸೋಣ, ಮೂರು ತಲೆಮಾರು ಅಂದರೆ ಜಡ್ಜ್‌ಗಳಿಗೆ ಇಷ್ಟ ಆಗುತ್ತೆ ಅಂತ." ಆಕೆ ಬಟ್ಟೆಯನ್ನು ಮತ್ತೆ ಕೈಗೆ ಸುತ್ತಿಕೊಂಡರು. "ಬಣ್ಣ ಒಣಗಿದೆ, ಈಗ ಕೂರಿಸಬಹುದು ಅಂದರು."

ಮುದುಕಿಯ ಗಂಟಲಲ್ಲಿ ಒಂದು ಸದ್ದು ಬಂದು ಅಲ್ಲೇ ಉಳಿಯಿತು.

ಡಬ್ಬ, ಬ್ರಷ್ಷು ಜಪ್ತಿಯಾದವು. ಮೂರೂ ಐವತ್ತಕ್ಕೆ ಬಂಧನ. ಹೊರಡುವ ಮುಂಚೆ ಆಕೆ ಮಗಳನ್ನು ಕರೆದು, "ಅಜ್ಜಿಗೆ ಎಡಗಡೆಯಿಂದ ಕುಡಿಸು, ಬಲಗಡೆ ನಿಲ್ಲಲ್ಲ. ಅವಸರ ಮಾಡಬೇಡ," ಎಂದರು. ಮಗಳು ಅಳುತ್ತಾ ತಲೆಯಾಡಿಸಿದಳು. ಅಪ್ಪನ ಕಡೆ ನೋಡಲಿಲ್ಲ.

ಅಂಗಳದಲ್ಲಿ ಮಾಲೀಕರು ದಾರಿಗೆ ಅಡ್ಡ ನಿಂತಿದ್ದರು. "ನನಗೊಂದು ಮಾತು ಹೇಳಬಹುದಿತ್ತಲ್ಲೇ."

"ಹೇಳಿದ್ದೆ ಕಣ್ರೀ. ಆವತ್ತು. ಮೂರು ಸಲ."

ಅವರು ಇನ್ಸ್‌ಪೆಕ್ಟರ್ ಕಡೆ ತಿರುಗಿದರು. "ದೂರು ವಾಪಸ್ ತಗೋತೀನಿ ಸಾರ್."

"ಅದಿನ್ನು ಕೋರ್ಟಿನಲ್ಲೇ ಆಗಬೇಕು."

ಮಾಲೀಕರು ತುಟಿ ಒರೆಸಿಕೊಂಡರು. ಏನೋ ಕೇಳಬೇಕೆಂದು ಎರಡು ಸಲ ಬಾಯಿ ತೆರೆದರು. ಮಹಿಳಾ ಕಾನ್‌ಸ್ಟೇಬಲ್ ನಿಂತು ಅವಕಾಶ ಕೊಟ್ಟಳು. ಬೊಬ್ಬೆಗೆ ಏನಾದರೂ ಹಚ್ಚಿದೆಯಾ ಎಂದು ಕೇಳಬಹುದು ಅಂದುಕೊಂಡಳು.

"ಲಾಂಛನ ಎಲ್ಲಿಟ್ಟೆ?"

ಹೆಂಡತಿ ಗಂಡನ ಮುಖವನ್ನು ತುಸು ಹೊತ್ತು ನೋಡಿದರು. "ಷೆಲ್ಫಿನ ಕೆಳಗಿನ ಹಲಗೆ. ನಿಮ್ಮ ಹಳೇ ಬನಿಯನ್ನಿನಲ್ಲಿ ಸುತ್ತಿದೆ. ಗೀರಾಗಿಲ್ಲ."

ಅವರು ಷೆಡ್ಡಿನ ಕಡೆ ನಡೆದರು. ಮೊದಲು ಮೆಲ್ಲಗೆ, ಆಮೇಲೆ ಬೇಗ.

"ಗಾಡಿ ಬರೋಕೆ ಎಷ್ಟು ಹೊತ್ತಾಗುತ್ತೆ?" ಆಕೆ ಕೇಳಿದರು.

"ಬಾಗಿಲಲ್ಲೇ ನಿಂತಿದೆ ಅಮ್ಮ," ಎಂದರು ದಫೇದಾರರು.

"ಪರವಾಗಿಲ್ಲ. ಇದಕ್ಕೆ ಬೇಗ ಬಂತು."

ಮಾಲೀಕರು ಲಾಂಛನ ಹಿಡಿದು ಹೊರಗೆ ಬರುವಷ್ಟರಲ್ಲಿ ಜೀಪು ಬೀದಿಯ ತಿರುವು ದಾಟಿತ್ತು.

ಸಂಜೆ ಠಾಣೆಯಲ್ಲಿ ದಫೇದಾರರು ಬರೆಯುತ್ತಾ ತಲೆಯೆತ್ತಿದರು. "ಕಾರಣ ಏನಂತ ಹಾಕಲಿ ಸಾರ್? ಕೌಟುಂಬಿಕ ಕಲಹ?"

ಇನ್ಸ್‌ಪೆಕ್ಟರ್ ಟೋಪಿ ತೆಗೆದು ಮೇಜಿನ ಮೇಲಿಟ್ಟರು.

"ಕಲಹ ಆಗಿದ್ದಿದ್ರೆ ಈ ಕೇಸೇ ಬರ್ತಿರಲಿಲ್ಲ ಕಣ್ರೀ. ಆಕೆ ಹೇಳಿದ್ದನ್ನೇ ಬರೀರಿ. ಬಣ್ಣ ಒಣಗಿರಲಿಲ್ಲ."