ಎರಡು ಸೆಕೆಂಡ್ ನಿಲ್ಲುವ ಲೋಕಲ್

“ಗೇಮ್ ಓವರ್! ಮತ್ತೆ ಗೇಮ್ ಓವರ್!”

ಸುಜನ್ ಕೀಬೋರ್ಡನ್ನು ಅತ್ತ ತಳ್ಳಿ ಎದ್ದು ನಿಂತ. “ಕ್ಯಾ ಯಾರ್ ಪೂಜಿತಾ, ಇದು ಫುಲ್ ಚೀಟಿಂಗ್. ಟ್ರೇನ್ ನಿಲ್ಲೋದೇ ಇಲ್ಲ!”

“ನಿಲ್ತದೆ. ಎರಡು ಸೆಕೆಂಡ್ ನಿಲ್ತದೆ. ನಿಂಗೆ ಆಡ್ಲಿಕ್ಕೆ ಬರುದಿಲ್ಲ, ಅಷ್ಟೆ,” ಎಂದಳು ಪೂಜಿತಾ.

ಮುಂಬೈ ಹತ್ತಿರದ ಡೊಂಬಿವಲಿಯ ಆ ಕನ್ನಡ ಶಾಲೆಯ ಕಂಪ್ಯೂಟರ್ ಲ್ಯಾಬಿನಲ್ಲಿ ಶನಿವಾರ ಬೆಳಿಗ್ಗೆ ಗದ್ದಲವೋ ಗದ್ದಲ. ಆರನೇ ಕ್ಲಾಸಿನವರು ತಾವೇ ಮಾಡಿದ ಗೇಮ್‌ಗಳನ್ನು ಆಡಲು ಮನೆಯವರನ್ನೆಲ್ಲ ಕರೆದಿದ್ದರು. ಗುಣಪಾಲ ಸರ್ ಮೂರು ತಿಂಗಳಿಂದ ಗೇಮ್ ಮಾಡುವುದನ್ನು ಕಲಿಸುತ್ತಿದ್ದರು. ಪರದೆಯ ಮೇಲೆ ಬಣ್ಣದ ಬ್ಲಾಕ್‌ಗಳನ್ನು ಒಂದರ ಕೆಳಗೊಂದು ಜೋಡಿಸಬೇಕು. ಒಂದು ಬ್ಲಾಕ್ ‘ನಡೆ’ ಎನ್ನುತ್ತದೆ, ಇನ್ನೊಂದು ‘ನಿಲ್ಲು’ ಎನ್ನುತ್ತದೆ. ಕಂಪ್ಯೂಟರ್ ಹೇಳಿದಷ್ಟೇ ಮಾಡುತ್ತದೆ.

ಪ್ರತಿ ಗೇಮಿನ ಪಕ್ಕ ಒಂದು ಹಾಳೆ ಇತ್ತು. ಇಷ್ಟವಾದರೆ ಅದರ ಮೇಲೆ ಒಂದು ಸ್ಟಾರ್ ಅಂಟಿಸಬೇಕು. ಹೆಚ್ಚು ಸ್ಟಾರ್ ಬಂದ ಗೇಮನ್ನು ಕೊನೆಗೆ ದೊಡ್ಡ ಪರದೆಯಲ್ಲಿ ಆಡಿಸುತ್ತೇನೆ ಎಂದು ಸರ್ ಹೇಳಿದ್ದರು.

ಪೂಜಿತಾಳ ಗೇಮಿನ ಹೆಸರು ‘ಲೇಡೀಸ್ ಡಬ್ಬಾ’. ಲೋಕಲ್ ಟ್ರೇನ್ ಬಂದು ನಿಂತ ಕೂಡಲೇ ಜನರ ನಡುವೆ ನುಸುಳಿಕೊಂಡು, ಒಬ್ಬ ಹುಡುಗಿಯನ್ನು ಹೆಂಗಸರ ಬೋಗಿಯ ಬಾಗಿಲು ಮುಟ್ಟಿಸಬೇಕು. ಮೊದಲು ಅವಳ ಲೋಕಲ್ ಹತ್ತು ಸೆಕೆಂಡ್ ನಿಲ್ಲುತ್ತಿತ್ತು. ಗೆಳತಿ ಸುಲೋಚನಾ ಗೆದ್ದುಬಿಟ್ಟಳು. ಪೂಜಿತಾ ಅದನ್ನು ಐದಕ್ಕೆ ಇಳಿಸಿದಳು. ಆಗಲೂ ಸುಲೋಚನಾ ಗೆದ್ದಳು. ಈಗ ಎರಡೇ ಸೆಕೆಂಡ್. ಒಂದು ವಾರ ಪ್ರಾಕ್ಟೀಸ್ ಮಾಡಿದ ಪೂಜಿತಾ ಒಬ್ಬಳೇ ಇದನ್ನು ಗೆಲ್ಲಬಲ್ಲಳು. ಅದೇ ಅವಳಿಗೆ ದೊಡ್ಡ ಖುಷಿ.

ಆದರೆ ಅವಳ ಹಾಳೆಯಲ್ಲಿ ಒಂದೂ ಸ್ಟಾರ್ ಇರಲಿಲ್ಲ. ಆಚೆ ಸುಲೋಚನಾಳ ಗೇಮಿನ ಮುಂದೆ ಬಾಗಿಲವರೆಗೂ ಲೈನು. ಅದರಲ್ಲಿ ಇರುವುದಿಷ್ಟೇ: ಮೇಲಿಂದ ರೊಟ್ಟಿ ಬೀಳುತ್ತದೆ, ಬುಟ್ಟಿಯಲ್ಲಿ ಹಿಡಿಯಬೇಕು.

“ಅದೊಂದು ಗೇಮಾ!” ಎಂದು ಪೂಜಿತಾ ಗೊಣಗಿಕೊಂಡಳು.

ಅಷ್ಟರಲ್ಲಿ ಸುಲೋಚನಾಳ ಅವ್ವ ಭೀಮಮ್ಮ ಒಳಗೆ ಬಂದರು. ಅವರ ಮನೆ ದಿವಾ ಸ್ಟೇಷನ್ನಿನ ಹತ್ತಿರ. ದಿನಾ ಲೋಕಲ್ ಹತ್ತಿ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು. ಇವತ್ತು ಮಗಳಿಗಾಗಿ ಅರ್ಧ ದಿನ ರಜೆ ಹಾಕಿದ್ದರು. ಮಗಳ ಮುಂದೆ ಅಷ್ಟುದ್ದದ ಲೈನು ನೋಡಿ ನಕ್ಕು, ಪೂಜಿತಾಳ ಮುಂದಿದ್ದ ಖಾಲಿ ಕುರ್ಚಿಯ ತುದಿಯಲ್ಲಿ ಕುಳಿತರು.

“ನಂಗೂ ಆಡಸ್ತಿ ಏನವ್ವಾ?”

“ಆಡಿ ಆಂಟಿ. ಈ ಬಾಣದ ಗುರುತಿನ ಕೀ ಒತ್ತಿ.”

ಭೀಮಮ್ಮ ಒಂದೇ ಬೆರಳಿನಿಂದ, ಬಿಸಿ ಹಂಚು ಮುಟ್ಟಿದಂತೆ ಕೀ ಮುಟ್ಟಿದರು. ಲೋಕಲ್ ಬಂತು, ಹೋಯಿತು. ‘ಗೇಮ್ ಓವರ್’ ಎಂದು ಕಂಪ್ಯೂಟರ್ ಜೋರಾಗಿ ಕಿರುಚಿತು. ಅವರು ಥಟ್ಟನೆ ಕೈ ಹಿಂದಕ್ಕೆಳೆದು ಸೆರಗಿನಲ್ಲಿ ಮುಚ್ಚಿಕೊಂಡರು.

“ಯವ್ವಾ, ನಾ ಏನರ ಕೆಡಿಸಿದ್ನೇನು?”

“ಇಲ್ಲ ಆಂಟಿ, ನೀವು ಸೋತ್ರಿ, ಅಷ್ಟೆ.”

“ಹೌದಾ… ಇವೆಲ್ಲ ಓದಿದವರ ಆಟ. ನಮಗೆಲ್ಲಿ ಬರತಾವ!” ಎನ್ನುತ್ತ ಅವರು ಏಳಲು ಹೊರಟರು.

‘ನಿಂಗೆ ಆಡ್ಲಿಕ್ಕೆ ಬರುದಿಲ್ಲ’ ಎಂದು ಪೂಜಿತಾ ಬೆಳಿಗ್ಗೆಯಿಂದ ಎಲ್ಲರಿಗೂ ಹೇಳಿದ್ದಳು. ಈಗ ಅದನ್ನು ಹೇಳುವ ಬದಲು, ಸೆರಗಿನೊಳಗೆ ಅಡಗಿದ್ದ ಆ ಕೈಯನ್ನೇ ನೋಡಿದಳು.

“ಹೋಗ್ಬೇಡಿ ಆಂಟಿ! ನಿಮ್ದೇನೂ ತಪ್ಪಿಲ್ಲ. ನನ್ನ ಟ್ರೇನಿನದ್ದೇ ತಪ್ಪು.”

ಬ್ಲಾಕ್‌ಗಳನ್ನು ತೆರೆದು ಅವಳು ಕೇಳಿದಳು, “ಎಷ್ಟು ಹೊತ್ತು ನಿಲ್ಲಿಸ್ಲಿ?”

“ದಿವಾದಾಗ ನಿಲ್ತದಲ್ಲ, ಅಷ್ಟ ನಿಲ್ಲಸು. ಇಪ್ಪತ್ತು ಎಣಿಸೋದ್ರಾಗ ಹೊಂಟೇ ಬಿಡ್ತದ ಅದು.”

ಪೂಜಿತಾ ಎರಡನ್ನು ಅಳಿಸಿ ಇಪ್ಪತ್ತು ಎಂದು ಹಾಕಿದಳು. ಭೀಮಮ್ಮ ಮತ್ತೆ ಆಡಿದರು. ಈ ಸಲ ಬಾಗಿಲ ಹತ್ತಿರದವರೆಗೂ ಬಂದರು. ಆದರೆ ಅಲ್ಲಿದ್ದ ಹೆಂಗಸರು ಹುಡುಗಿಯನ್ನು ಹಿಂದಕ್ಕೆ ದಬ್ಬಿದರು.

“ಅಲ್ಲವ್ವಾ, ಒಳಗಿನವರು ಕೈ ಕೊಡಂಗಿಲ್ಲೇನು?”

“ಕೈಯಾ?”

“ದಿನಾ ಮುಂಜಾನಿ ನಾ ಹ್ಯಾಂಗ ಹತ್ತತೀನಿ ಅಂದ್ಕೊಂಡಿ? ಹೆಸರ ಗೊತ್ತಿಲ್ಲ, ಊರ ಗೊತ್ತಿಲ್ಲ. ‘ಏ ಮೌಶಿ, ಹಾತ್ ದೇ’, ಚಿಕ್ಕವ್ವಾ ಕೈ ಕೊಡು ಅಂತ ಯಾರರ ಒಬ್ಬರು ಒಳಗ ಎಳಕೊತಾರ. ದಬ್ಬೋರೂ ಇರತಾರ, ಎಳಕೊಳ್ಳೋರೂ ಇರತಾರ. ನೀ ಬರೇ ದಬ್ಬೋರನ್ನ ಇಟ್ಟೀಯಲ್ಲ!”

ಪೂಜಿತಾಳಿಗೆ ನಗು ಬಂತು. ನಿಜ, ಅವಳ ಡಬ್ಬಾದಲ್ಲಿ ಒಬ್ಬರೂ ಒಳ್ಳೆಯವರಿರಲಿಲ್ಲ!

ಅವಳು ಪರದೆಯ ಮೇಲೆ ಒಂದು ಕೈಯ ಚಿತ್ರ ಬಿಡಿಸಿದಳು. “ಬಳಿ ಹಾಕು,” ಎಂದರು ಭೀಮಮ್ಮ. ಹಸಿರು ಬಳೆಯೂ ಬಂತು. ಹುಡುಗಿ ಬಾಗಿಲ ಹತ್ತಿರ ಬಂದರೆ ಮಾತ್ರ ಕೈ ಚಾಚುವಂತೆ ಬ್ಲಾಕ್ ಜೋಡಿಸುವುದನ್ನು ಗುಣಪಾಲ ಸರ್ ತೋರಿಸಿದರು. ಗಡಿಬಿಡಿಯಲ್ಲಿ ಪೂಜಿತಾ ಹುಡುಗಿಯ ಬದಲು ಬೇರೇನನ್ನೋ ಆರಿಸಿಬಿಟ್ಟಳು. ಬಳೆಯ ಕೈ ಸರ್ರನೆ ಚಾಚಿ ಪ್ಲಾಟ್‌ಫಾರಂ ಮೇಲಿದ್ದ ವಡಾಪಾವ್ ಸ್ಟಾಲನ್ನೇ ಒಳಗೆಳೆದುಕೊಂಡಿತು!

“ಅರೇ, ವಡಾಪಾವ್ ಪಾರ್ಸಲ್!” ಎಂದು ಸುಜನ್ ಕೂಗಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಪೂಜಿತಾಳೂ ನಗುತ್ತ ಸರಿಮಾಡಿದಳು.

ಈಗ ಭೀಮಮ್ಮ ಎರಡೂ ಕೈ ಕೀಬೋರ್ಡಿನ ಮೇಲಿಟ್ಟರು. “ಸರೀರಿ, ಸರೀರಿ…” ಎಂದು ಪರದೆಯ ಮೇಲಿನ ಹೆಂಗಸರಿಗೇ ಹೇಳುತ್ತ ಹುಡುಗಿಯನ್ನು ನಡೆಸಿದರು. ಬಳೆಯ ಕೈ ಚಾಚಿತು. ಹುಡುಗಿ ಒಳಗೆ!

“ಹತ್ತಿದ್ಲು! ಹತ್ತಿದ್ಲು! ಏ ಸುಲೂ, ನೋಡಬಾ ಇಲ್ಲಿ!”

ಆಮೇಲೆ ಪೂಜಿತಾಳ ಮುಂದೆಯೂ ಲೈನು ಬೆಳೆಯಿತು. ಕೊನೆಗೆ ದೊಡ್ಡ ಪರದೆಯ ಮೇಲೆ ಬಂದದ್ದು ಸುಲೋಚನಾಳ ರೊಟ್ಟಿ ಗೇಮೇ. ಪೂಜಿತಾಳೂ ಹೋಗಿ ಒಂಬತ್ತು ರೊಟ್ಟಿ ಹಿಡಿದು ಬಂದಳು.

ತನ್ನ ಜಾಗಕ್ಕೆ ಮರಳಿದಾಗ ಶಾಲೆ ಗುಡಿಸುವ ಸುಂದರಿ ಆಂಟಿ ಕುರ್ಚಿಯ ಬಳಿ ನಿಂತಿದ್ದರು.

“ನಾನೂ ಒಮ್ಮೆ ನೋಡ್ಲಾ?”

“ಬನ್ನಿ ಆಂಟಿ, ಕೂತ್ಕೊಳ್ಳಿ.”

ಲೋಕಲ್ ಬಂತು. ಪೂಜಿತಾ ಈ ಸಲ ಪರದೆಯ ಕಡೆ ನೋಡಲಿಲ್ಲ, ಸುಂದರಿ ಆಂಟಿಯ ಮುಖವನ್ನೇ ನೋಡುತ್ತ ನಿಂತಳು. ಹುಬ್ಬು ಗಂಟಾಯಿತು. ತುಟಿ ಬಿಗಿಯಾಯಿತು. ಆಮೇಲೆ, ಒಮ್ಮೆಲೇ, ಮುಖವೆಲ್ಲ ನಗುವಾಯಿತು.

ಪೂಜಿತಾ ನೋಟ್‌ಬುಕ್ ತೆರೆದು ಪೆನ್ಸಿಲಿನಿಂದ ಬರೆದುಕೊಂಡಳು: ‘ಇಪ್ಪತ್ತು ಸರಿ ಇದೆ.’