ತುಪ್ಪದಲ್ಲಿ ಕಟ್ಟಿದ ಗುಳಿಗೆ

ಅಮೀರಬಿ ಒಲೆಯ ಮುಂದೆ ಬಿದ್ದಿದ್ದಳು. ಉಸಿರಿದೆಯೋ ಇಲ್ಲವೋ ತಿಳಿಯಲು ನಾನು ಮೂಗಿಗೆ ಬೆರಳು ಹಿಡಿಯಬೇಕಾಯಿತು. ಮಗ ಇಸಾಕಸಾಬ ಟೆಂಪೋದಲ್ಲಿ ಹಾಕಿಕೊಂಡು ಹಾವೇರಿ ಆಸ್ಪತ್ರೆಗೆ ಓಡಿದ. ಹತ್ತು ಗಂಟೆಗೆ ಠಾಣೆಗೆ ಫೋನು ಬಂತು— ಹೊಟ್ಟೆಯಲ್ಲಿ ಯಾವುದೋ ಬೇರಿನ ವಿಷವಿದೆಯಂತೆ, ಇನ್ನೂ ಎಚ್ಚರವಿಲ್ಲವಂತೆ.

ವಿಷ ಹಾಕಿದವರು ಯಾರು? ಮನೆಯಲ್ಲಿ ಉಳಿದವಳು ಸೊಸೆ ಜೈತೂನಬಿ ಒಬ್ಬಳೇ. ಕಂಕುಳಲ್ಲಿ ಮೂರು ತಿಂಗಳ ಕೂಸು.

ನಾನು ಮೈಲಾರೆಪ್ಪ, ಬ್ಯಾಡಗಿ ಠಾಣೆಯ ಹವಾಲ್ದಾರ. ಅತ್ತೆ-ಸೊಸೆ ಜಗಳ ನನಗೇನು ಹೊಸದೇ? ಅಡುಗೆಮನೆ ಜಾಲಾಡಿದೆ. ಅಕ್ಕಿ ಡಬ್ಬಿಯ ಹಿಂದೆ ಒಂದು ತಗಡಿನ ಡಬ್ಬಿ ಸಿಕ್ಕಿತು. ಒಳಗೆ ತುಪ್ಪದಲ್ಲಿ ಕಟ್ಟಿದ, ಕಡಲೆಯಷ್ಟು ದಪ್ಪದ ನಸುಬಿಳಿ ಗುಳಿಗೆಗಳು. ಡಬ್ಬಿಯ ಅಂಚಿಗೆ ಕೆಂಪು ಬೆರಳಿನ ಗುರುತು! ಜೈತೂನಬಿ ದಿನವಿಡೀ ಮೆಣಸಿನಕಾಯಿ ತೊಟ್ಟು ಮುರಿಯುವ ಕೂಲಿಗೆ ಹೋಗುವವಳು. ಅವಳ ಬೆರಳೆಲ್ಲ ಕೆಂಪು.

"ಈ ಡಬ್ಬಿ ಯಾರದು?"

"ಗೊತ್ತಿಲ್ರಿ."

"ಈ ಬೆರಳ ಗುರುತು?"

ಅವಳು ಕೂಸನ್ನು ಎತ್ತಿಕೊಂಡು ಒಳಕೋಣೆಗೆ ಹೋಗಿ, ನೀರು ಕುಡಿದು ಬಂದಳು. ಠಾಣೆಯ ಫೌಜದಾರರಿಗೆ ಸುದ್ದಿ ಕಳಿಸಿದೆ. ಆದರೂ, ಖರೇ ಹೇಳುತ್ತೇನೆ, ಹಾಲು ಕುಡಿಯುವ ಕೂಸಿನ ಸಮೇತ ತಾಯಿಯನ್ನು ಲಾಕಪ್ಪಿಗೆ ಹಾಕುವುದು ಹೇಗೆ?

ಅಷ್ಟರಲ್ಲಿ ಪಕ್ಕದ ಮನೆಯ ಶಾರದವ್ವ ಬಂದಳು. ಪೆನ್ಶನ್ ಆದ ನರ್ಸು. ಈ ಕೂಸಿನ ಹೆರಿಗೆ ಮಾಡಿಸಿದ್ದೂ ಅವಳೇ. ಕರೆಯದೆ ಬರುವುದು, ಬಂದಮೇಲೆ ತನ್ನದೇ ನಡೆಸುವುದು ಅವಳ ಪದ್ಧತಿ. ನನ್ನ ಕೈಯಿಂದ ಡಬ್ಬಿ ಕಸಿದು ಒಂದೊಂದೇ ಗುಳಿಗೆ ಬೆಳಕಿಗೆ ಹಿಡಿದಳು. ಆಮೇಲೆ ಜೈತೂನಬಿಯ ಅಂಗೈಗೆ ತುಪ್ಪ, ಹಿಟ್ಟು ಹಾಕಿ, ಒಂದು ಉಂಡೆ ಕಟ್ಟು ಅಂದಳು.

ಉಂಡೆ ಕೆಂಪಗೆ ಬಂತು.

"ಹವಾಲ್ದಾರ್ರ, ನೀವು ಡಬ್ಬಿ ನೋಡಿದ್ರಿ, ಗುಳಿಗಿ ನೋಡಲಿಲ್ಲ. ಬ್ಯಾಡಗಿ ಕಾಯಿ ಬಣ್ಣ ಎಷ್ಟು ತೊಳದ್ರೂ ಉಗುರಸಂದ್ಯಾಗ ಉಳೀತೈತಿ, ಜಿಡ್ಡು ಹತ್ತಿದ ಕೂಡ್ಲೆ ಬಿಡತೈತಿ. ಈಕಿ ಕಟ್ಟಿದ್ರ ಇವು ಬೆಳ್ಳಗ ಹೆಂಗ ಉಳೀತಿದ್ವು?"

"ಹಂಗಾದ್ರ ಕಟ್ಟಿದವರು ಯಾರು?"

"ಈ ಮನ್ಯಾಗ ಕಾಯಿ ಮುಟ್ಟದ ಕೈ ಯಾರದು?"

ಇಸಾಕಸಾಬ ಮೆಣಸಿನಕಾಯಿ ಚೀಲ ಹೊರುವವನು. ಕೂಸು ನೋಡಿಕೊಳ್ಳಲು ಎರಡು ತಿಂಗಳಿಂದ ಕೂಲಿ ಬಿಟ್ಟು ಮನೆಯಲ್ಲಿದ್ದವಳು— ಅಮೀರಬಿ!

ಶಾರದವ್ವ ಉಳಿದದ್ದನ್ನೂ ಬಿಡಿಸಿ ಹೇಳಿದಳು. ಹೋದ ತಿಂಗಳು ಅಮೀರಬಿ ತನ್ನ ಹತ್ತಿರ ಬಂದು ಅತ್ತಿದ್ದಳಂತೆ: ಎದೆ ಡವಡವ, ನಿದ್ದೆಯಿಲ್ಲ, ಸುಮ್ಮಸುಮ್ಮನೆ ಅಳು. ಡಾಕ್ಟರಿಗೆ ತೋರಿಸು ಅಂದರೆ, ಹುಚ್ಚಿ ಅಂತ ಧಾರವಾಡದ ಹುಚ್ಚರ ಆಸ್ಪತ್ರೆಗೆ ಕಳಿಸಿಬಿಡುತ್ತಾರೆ ಎಂದು ಹೆದರಿದಳಂತೆ. ರಾಣೆಬೆನ್ನೂರು ಸಂತೆಯಲ್ಲಿ ಒಬ್ಬ ಬೇರು ಕೊಡುತ್ತಾನೆ ಅಂದಿದ್ದಳಂತೆ. ಆ ಬೇರನ್ನೇ ತುಪ್ಪದಲ್ಲಿ ಗುಳಿಗೆ ಕಟ್ಟಿ, ಒಂದಕ್ಕೆ ಎದೆಯ ಡವಡವ ತಗ್ಗದೆ, ಮೂರ್ನಾಲ್ಕು ನುಂಗಿರಬೇಕು. ಯಾರೂ ವಿಷ ಹಾಕಿರಲಿಲ್ಲ.

ನನಗೆ ಹೋದ ಜೀವ ಬಂದಂತಾಯಿತು. ಆದರೆ ಆ ಕೆಂಪು ಗುರುತು?

ಶಾರದವ್ವ ಜೈತೂನಬಿಯ ಗದ್ದ ಹಿಡಿದು ಮುಖ ಎತ್ತಿದಳು. ತುಟಿ ಒಣಗಿ ಬಿರಿದಿತ್ತು.

"ಕಟ್ಟಿದಾಕಿ ಅಕಿ. ಕೈ ಹಾಕಿದಾಕಿ ನೀನು. ಎಷ್ಟು ನುಂಗೀದಿ?"

"ಕೂಸು ಹುಟ್ಟಿದಾಗಿಂದ ನನಗೂ ಹಂಗ ಆಗತೈತ್ರಿ, ನರ್ಸ್ ಬಾಯಾರ. ಅತ್ತಿ ನುಂಗೂದು ನೋಡಿದ್ದೆ. ದಿನಾ ಒಂದು ಕದೀತಿದ್ದೆ." ಅವಳು ನನ್ನ ಕಡೆ ನೋಡಿದಳು. "ಇವತ್ತ ಸೆರಗಿನ್ಯಾಗ ಮೂರು ಇದ್ವು. ಇವರು ಬೆರಳ ಗುರುತು ಯಾರದು ಅಂದಾಗ ಹೆದರಿಕಿ ತಡೀಲಿಲ್ಲ. ಮೂರೂ ನುಂಗಿದೆ."

ಜೈತೂನಬಿ ಕೂಸನ್ನು ನನ್ನ ಕಡೆ ಚಾಚಿದಳು.

"ಕೂಸು ಹಿಡೀರಿ," ಅಂದಳು, "ಕೈ ಜೋಮು ಹಿಡದೈತಿ."

ಹಿಡಿದುಕೊಂಡೆ. ಆರೋಪಿಯನ್ನು ಒಯ್ಯಲು ಫೌಜದಾರರು ಕಳಿಸಿದ ಜೀಪು ಬಾಗಿಲಿಗೆ ಬಂದು ನಿಂತಿತ್ತು. ಠಾಣೆಗಲ್ಲ, ಹಾವೇರಿಗೆ ಹೊಡಿ ಅಂತ ಡ್ರೈವರನಿಗೆ ಕೂಗಿದೆ.